ಅತ್ತೆಯವರ ಕಣ್ಣಿಗಾಗಿ ಹೇಳಿದ ಯಂತ್ರದ ಕಥೆ

ಬಂಡಿಯ ಅಚ್ಚು ಮುರಿಯಬಹುದಿತ್ತು. ಅಚ್ಚು ಗಟ್ಟಿಯಿದ್ದರೂ ಎಡಗಡೆಯ ಎತ್ತು ಬಾದನಹಟ್ಟಿಯಿಂದ ಕೊಂಡು ತಂದದ್ದು; ಆ ಊರು ಬಂದ ಕೂಡಲೇ ತನ್ನ ಹಳೆಯ ಕೊಟ್ಟಿಗೆ ನೆನಪಾಗಿ ಅತ್ತ ಹೊರಳಿಬಿಡಬಹುದಿತ್ತು. ಮಳೆ ಬಿದ್ದು ಎರೆಮಣ್ಣು ಗಾಲಿಗೆ ಮೆತ್ತಿಕೊಂಡು, ಕುರುಗೋಡಿಗೂ ಸಲ್ಲದೆ ಬಳ್ಳಾರಿಗೂ ಸಲ್ಲದೆ ನಾವು ನಡುದಾರಿಯಲ್ಲಿ ಕೂರಬಹುದಿತ್ತು. ಹೊರಡುವಾಗ ಹಲ್ಲಿ ನುಡಿಯಬಹುದಿತ್ತು. ನುಡಿಯದಿದ್ದರೆ ಇವತ್ತೇ ಯಾಕೆ ನುಡಿಯಲಿಲ್ಲ ಎಂದು ಅತ್ತೆಯವರಿಗೆ ಅನುಮಾನ ಬರಬಹುದಿತ್ತು. ಕಣ್ಣಿನ ಡಾಕ್ಟರಿಗೆ ಬೇರೆ ಊರಿಗೆ ವರ್ಗವಾಗಿರಬಹುದಿತ್ತು. ಆಗಿರದಿದ್ದರೆ, ಕೈಯಲ್ಲಿ ಕತ್ತಿ ಹಿಡಿದ ಹೊತ್ತಿಗೇ ಸರಿಯಾಗಿ ಅವರಿಗೆ ಸೀನು ಬರಬಹುದಿತ್ತು. ಅವರ ಮದರಾಸು ಕಡೆಯ ತೆಲುಗು ಅತ್ತೆಯವರಿಗೆ ತಿಳಿಯದೆ ಹೋಗಬಹುದಿತ್ತು. ಅದಕ್ಕಿಂತ ದೊಡ್ಡ ಅಪಾಯ, ತಿಳಿದುಬಿಡಬಹುದಿತ್ತು, ಆಗ ಜಗಳ ಖಂಡಿತ. ನನ್ನ ಹೆಂಡತಿ ಸೆರಗಿನಲ್ಲಿ ಅಡಗಿಸಿಕೊಂಡ ರೊಟ್ಟಿ ಸಿಕ್ಕಿಬೀಳಬಹುದಿತ್ತು. ಇವೆಲ್ಲಕ್ಕಿಂತ ಮಿಗಿಲಾಗಿ, ಕಣ್ಣಿನ ಕಟ್ಟು ಬಿಚ್ಚಿದ ಮೇಲೆ ತೀರಿಹೋದ ಮಾವನವರ ಮುಖ ಅತ್ತೆಯವರ ಪಾಲಿಗೆ ಇಲ್ಲವಾಗಿಬಿಡಬಹುದಿತ್ತು. ಹಾಗೇನಾದರೂ ಆಗಿದ್ದರೆ ಅದರ ಪಾಪ ನೇರವಾಗಿ ನನ್ನ ತಲೆಗೆ ಬರುತ್ತಿತ್ತು. ಯಾಕೆಂದರೆ ಅವರನ್ನು ಬಂಡಿ ಹತ್ತಿಸಿದ್ದು ನನ್ನದೊಂದು ಸುಳ್ಳು ಕಥೆ.

ಇಷ್ಟರಲ್ಲಿ ಯಾವುದೂ ಆಗಲಿಲ್ಲ. ಕೆಟ್ಟದ್ದು ಒಂದೇ, ಅದೂ ಸಣ್ಣದು. ಅದನ್ನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ನೀವು ನಕ್ಕು ಎದ್ದುಹೋದೀರಿ ಎಂಬ ಹೆದರಿಕೆ ನನಗೆ.

ನಾನು ಬಳ್ಳಾರಿಯಲ್ಲಿ ಸಾಲೆಯ ಮಾಸ್ತರ. ಚಿಂತೆ ಮಾಡುವುದು ನನ್ನ ಎರಡನೆಯ ಉದ್ಯೋಗ, ಅದಕ್ಕೆ ರಜೆಯಿಲ್ಲ. ಕೋಟೆಗುಡ್ಡದ ಬಂಡೆಗಳು ಉರುಳಿದರೆ ನಮ್ಮ ಓಣಿಗೆ ಮುಟ್ಟುತ್ತವೆಯೋ ಇಲ್ಲವೋ ಎಂದು ಮನೆ ಹಿಡಿಯುವ ಮುಂಚೆ ಹೆಜ್ಜೆ ಹಾಕಿ ಅಳೆದು ನೋಡಿದವನು ನಾನು. ಇಂಥ ತಲೆಗೆ ಒಂದು ವಿಶೇಷವಿದೆ: ಆಗದೆ ಇರುವುದನ್ನು ಕಣ್ಣೆದುರು ಕಟ್ಟುವುದು ಅದಕ್ಕೆ ಸುಲಭ. ಹಾಗಾಗಿ ಚಿಂತೆಯ ಜೊತೆಗೆ ಇನ್ನೊಂದು ಚಟವೂ ಹತ್ತಿಕೊಂಡಿತು. ಮುಂದೆಂದೋ ಬರಬಹುದಾದ ಯಂತ್ರಗಳ ಬಗ್ಗೆ ಕಥೆ ಕಟ್ಟಿ ಹೇಳುವುದು. ಮದರಾಸಿನಿಂದ ಬರುವ ಪತ್ರಿಕೆಯಲ್ಲಿ ಹೊಸದೊಂದು ಯಂತ್ರದ ಸುದ್ದಿ ಒಂದು ಬೆರಳುದ್ದ ಇದ್ದರೆ ಸಾಕು, ನಾನದನ್ನು ಮೊಳದುದ್ದ ಎಳೆಯುತ್ತಿದ್ದೆ. ನಮ್ಮ ಹೆಡ್‌ಮಾಸ್ತರರು ಅದನ್ನು ಸುಳ್ಳಪುರಾಣ ಎಂದು ಕರೆದರು. ಹೆಸರು ಚೆನ್ನಾಗಿದೆ ಎನಿಸಿ ನಾನೂ ಅದನ್ನೇ ಇಟ್ಟುಕೊಂಡೆ.

ಸುಳ್ಳಪುರಾಣಕ್ಕೆ ಒಂದು ಶಕ್ತಿಯಿದೆ ಎಂದು ನನಗೆ ಗೊತ್ತಾದದ್ದು ಸಿರುಗುಪ್ಪದಲ್ಲಿ, ನನ್ನ ಮೊದಲ ನೌಕರಿಯ ದಿನಗಳಲ್ಲಿ. ಮನುಷ್ಯನ ಧ್ವನಿಯನ್ನು ಹಿಡಿದಿಟ್ಟು ಮತ್ತೆ ನುಡಿಸುವ ಪೆಟ್ಟಿಗೆಯೊಂದು ಬಂದಿದೆಯಂತೆ ಎಂದು ಚಾವಡಿಯ ಕಟ್ಟೆಯ ಮೇಲೆ ಹೇಳಿದೆ. ಅದೇ ಕಟ್ಟೆಯ ಮೇಲೆ ಅದಕ್ಕೆ ಹಿಂದಿನ ವಾರ ಸ್ವಾಮಿಗಳೊಬ್ಬರು ಬಂದು, ನಾನು ಯಾರು, ಈ ದೇಹವೋ ಮಾತೋ ಮನಸ್ಸೋ ಎಂದು ಎರಡು ತಾಸು ಪ್ರವಚನ ಮಾಡಿದ್ದರು. ಎಲ್ಲರೂ ಕೈಮುಗಿದು ಕೇಳಿ, ಕೈಮುಗಿದೇ ತೂಕಡಿಸಿದ್ದರು. ನನ್ನ ಪೆಟ್ಟಿಗೆಗೆ ಯಾರೂ ತೂಕಡಿಸಲಿಲ್ಲ. ಒಬ್ಬ ಭತ್ತದ ರೈತ ಎದ್ದು ಕೇಳಿದ: ನನ್ನ ಧ್ವನಿ ಹಿಡಿದ ಆ ಪೆಟ್ಟಿಗೆ ದೇವರ ಮುಂದೆ ಸುಳ್ಳು ಆಣೆ ಮಾಡಿದರೆ ಹುಳ ಬೀಳುವುದು ಯಾರ ನಾಲಗೆಗೆ? ಕಟ್ಟೆ ಎರಡು ಪಂಗಡವಾಯಿತು. ದೀಪ ಹಚ್ಚುವ ತನಕ ವಾದ ನಡೆಯಿತು, ಇಬ್ಬರು ಮಾತು ಬಿಟ್ಟರು. ಸ್ವಾಮಿಗಳು ಕೇಳಿದ್ದೂ ಅದನ್ನೇ, ರೈತ ಕೇಳಿದ್ದೂ ಅದನ್ನೇ. ನಾನು ಯಾರು ಎಂದು ಮುಖಕ್ಕೆ ಹಿಡಿದು ಕೇಳಿದರೆ ಜನಕ್ಕೆ ನಿದ್ದೆ ಬರುತ್ತದೆ. ನಡುವೆ ಒಂದು ಪೆಟ್ಟಿಗೆ ಇಟ್ಟು ಕೇಳಿದರೆ ತೋಳು ಏರಿಸುತ್ತಾರೆ.

ಇನ್ನು ಅತ್ತೆಯವರ ಕಥೆ.

ನನ್ನ ಹೆಂಡತಿಯ ತವರು ಕುರುಗೋಡು. ಮಾವನವರು ತೀರಿಕೊಂಡು ಬಹಳ ವರ್ಷವಾಗಿತ್ತು. ಅತ್ತೆಯವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು, ಕತ್ತಲೆ, ಎದುರಿಗೆ ಏನೋ ಅಡ್ಡ ಬಂತು ಎನ್ನುವಷ್ಟು ಮಾತ್ರ ಉಳಿದಿತ್ತು. ಬಳ್ಳಾರಿಯ ದವಾಖಾನೆಯಲ್ಲಿ ಪೊರೆ ತೆಗೆಯುವ ಡಾಕ್ಟರಿದ್ದರು; ತೆಗೆಸಿಕೊಂಡವರು ದಪ್ಪ ಗಾಜಿನ ಚಾಳೀಸು ಹಾಕಿಕೊಂಡು ಬಜಾರಿನಲ್ಲಿ ತಿರುಗಾಡುವುದನ್ನು ನಾನೇ ನೋಡಿದ್ದೆ. ಆದರೆ ಅತ್ತೆಯವರು ಒಪ್ಪುತ್ತಿರಲಿಲ್ಲ. ಇನ್ನು ತಡಮಾಡಿದರೆ ಪೊರೆ ಕೆಟ್ಟು, ತೆಗೆದರೂ ಕಣ್ಣು ಬರಲಾರದು ಎಂದು ಡಾಕ್ಟರು ನನಗೆ ಹೇಳಿದ್ದರು. ಆಮೇಲೆ ನನಗೆ ಊಟ ಸೇರಲಿಲ್ಲ.

ನಾನು ನೇರವಾಗಿ ಅತ್ತೆಯವರಿಗೆ ತಿಳಿಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳುವ ಹಾಗಿರಲಿಲ್ಲ. ಅತ್ತೆ ಅಳಿಯನ ಎದುರಿಗೆ ಬರಬಾರದು, ಮುಖ ನೋಡಬಾರದು, ನೇರ ಮಾತಾಡಬಾರದು: ಆ ಮನೆಯಲ್ಲಿ ಇದು ಬಿಗಿಯಾದ ರಿವಾಜು. ಮದುವೆಯ ದಿನ ಅಂತರಪಟ ಸರಿದಾಗ ಒಂದು ಸಲ ನನ್ನನ್ನು ನೋಡಿದ್ದರಂತೆ, ಅಷ್ಟೇ. ಕಣ್ಣು ನೆಟ್ಟಗಿದ್ದ ವರ್ಷಗಳಲ್ಲೂ ನಾನು ಬಂದರೆ ಅವರು ಬಾಗಿಲ ಹಿಂದೆ. ಮಾತೆಲ್ಲ ಮಗಳ ಮೂಲಕ. ನಾನು ಎರಡು ಮಾರು ದೂರದಲ್ಲಿ ಕೂತಿದ್ದರೂ, "ಅಳಿಯಾರಿಗೆ ಇನ್ನೊಂದು ರೊಟ್ಟಿ ಹಾಕಲೇನಂತ ಕೇಳವ್ವ," ಎನ್ನುವರು. ನಾನು ಕೇಳಿಸಿಕೊಂಡು ಸುಮ್ಮನೆ ಕೂರಬೇಕು. ಹೆಂಡತಿ ನನ್ನ ಕಡೆ ತಿರುಗಿ ಅದನ್ನೇ ಕೇಳಬೇಕು. ಆಮೇಲೆ ನಾನು ಸಾಕು ಎನ್ನಬೇಕು. ಅಷ್ಟರೊಳಗೆ ರೊಟ್ಟಿ ತಟ್ಟೆಗೆ ಬಿದ್ದಿರುತ್ತಿತ್ತು.

ಯಾಕೆ ಒಪ್ಪುವುದಿಲ್ಲ ಎಂಬುದನ್ನೂ ಹೆಂಡತಿಯ ಬಾಯಿಂದಲೇ ಕೇಳಿದೆ. ಸಿರುಗುಪ್ಪದಲ್ಲಿ ಅವರ ದೊಡ್ಡಮ್ಮನ ಮಗಳೊಬ್ಬಳು ಊರೂರು ತಿರುಗುವ ಸೂಜಿವೈದ್ಯನ ಕೈಗೆ ಕಣ್ಣು ಕೊಟ್ಟು ಕಳಕೊಂಡಿದ್ದಳು. ಆ ಭಯವಿರಬೇಕು ಎಂದುಕೊಂಡಿದ್ದೆ. ಅಲ್ಲವಂತೆ. ಮಾವನವರದು ಒಂದು ಪಟವಿಲ್ಲ, ಚಿತ್ರವಿಲ್ಲ. ಅವರ ಮುಖ ಉಳಿದಿರುವುದು ಅತ್ತೆಯವರ ಕಣ್ಣಿನಲ್ಲಿ ಮಾತ್ರ. ಡಾಕ್ಟರು ಕಣ್ಣೊಳಗಿಂದ ಏನನ್ನೋ ಹೊರಗೆ ತೆಗೆಯುತ್ತಾರೆ ಎಂದರೆ, ತೆಗೆದು ಬಟ್ಟಲಿಗೆ ಹಾಕುವುದರ ಜೊತೆಗೆ ಆ ಮುಖವೂ ಹೋಗುತ್ತದೆ. ಕಣ್ಣು ಬಂದು ಅವರು ಹೋಗುವುದಾದರೆ ಆ ಕಣ್ಣು ಯಾತಕ್ಕೆ ಎಂದು ಅತ್ತೆಯವರು ಕೇಳಿದ್ದರಂತೆ.

ಇದನ್ನು ಕೇಳಿ ನಾನು ನಗಬೇಕಿತ್ತು, ನಾನು ಸಾಲೆ ಕಲಿತವನು. ನಗುವ ಬದಲು, ಹಾಗೂ ಇದ್ದರೆ ಏನು ಗತಿ ಎಂದು ಯೋಚನೆಗೆ ಬಿದ್ದೆ. ನೋಡಿದ್ದು ಎಲ್ಲಿ ಉಳಿಯುತ್ತದೆ ಎಂದು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಗೊತ್ತಿಲ್ಲದ್ದನ್ನು ಬೋಧಿಸುವುದು ಮಾಸ್ತರನ ಕೆಲಸವೇ ಆದರೂ ಅತ್ತೆಯವರ ಮುಂದೆ ಧೈರ್ಯ ಬರಲಿಲ್ಲ. ಉಳಿದದ್ದು ಸುಳ್ಳಪುರಾಣವೊಂದೇ.

ಕುರುಗೋಡಿನ ಆ ಮನೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಹೆಂಗಸರು ಸೇರಿ ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆ, ಧೋತ್ರಗಳನ್ನು ಪದರಪದರವಾಗಿ ಹಾಸಿ, ದಟ್ಟವಾಗಿ ಹೊಲಿಗೆ ಹಾಕುವ ಹೊದಿಕೆ. ಅತ್ತೆಯವರು ಕಣ್ಣು ಕಾಣದಿದ್ದರೂ ಬೆರಳಿನಲ್ಲೇ ಅಳೆದು ಹೊಲಿಯುವರು. ಸೂಜಿಗೆ ದಾರ ಪೋಣಿಸಲು ಮಾತ್ರ ಇನ್ನೊಬ್ಬರು ಬೇಕು. ಆವತ್ತು ಪೋಣಿಸುತ್ತಿದ್ದಾಕೆ ಪಕ್ಕದ ಮನೆಯ ಮುಸಲ್ಮಾನರ ಹಿರಿಯಾಕೆ. ಮನೆಮನೆಗೆ ಹೋಗಿ ಬಳೆ ತೊಡಿಸುವಾಕೆ, ಓಣಿಗೆಲ್ಲ ಚಾಚಿ. ಮೂರನೆಯವಳು ಅತ್ತೆಯವರ ಸೊಸೆ. ಅವರೆಲ್ಲ ನಡುಮನೆಯಲ್ಲಿ. ನನ್ನ ಹೆಂಡತಿ ಹೊಸ್ತಿಲ ಮೇಲೆ. ನಾನು ಪಡಸಾಲೆಯಲ್ಲಿ, ಅವರಿಗೆ ಬೆನ್ನು ಮಾಡಿ, ಕಂಬವೊಂದರ ಎದುರು ಕೂತು, ಆ ಕಂಬಕ್ಕೆ ಕಥೆ ಹೇಳತೊಡಗಿದೆ.

ಮುಂದೊಂದು ಕಾಲ, ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲ. ಬಳ್ಳಾರಿಯ ಗುಡ್ಡದ ಹೊಟ್ಟೆ ಕೊರೆದು ಅದರೊಳಗೆ ರೈಲಿನ ಕಾರಖಾನೆಯಂಥದೊಂದು ಕಾರಖಾನೆ ಮಾಡಿದ್ದಾರೆ. ಅಲ್ಲಿ ಎಂಜಿನ್ ರಿಪೇರಿ ಮಾಡುವುದಿಲ್ಲ, ಮನುಷ್ಯರನ್ನು ರಿಪೇರಿ ಮಾಡುತ್ತಾರೆ. ಸವೆದ ಅಂಗ ಕೊಟ್ಟರೆ ಹೊಸದು ಹಾಕಿ ಕಳಿಸುತ್ತಾರೆ. ಒಬ್ಬ ಮುದುಕಿ ಮಂಡಿನೋವೆಂದು ಹೋದಳು. ಉಕ್ಕಿನ ಮಂಡಿ ಹಾಕಿದರು, ಕುಣಿಯುತ್ತ ಮನೆಗೆ ಬಂದಳು. ಮರುವರ್ಷ ಕಿವಿ. ತಂತಿ ಹಾಕಿದ ಕಿವಿ, ದೂರದ ಆಲೂರಿನಲ್ಲಿ ಯಾರಾದರೂ ಇವಳನ್ನು ಬೈದರೂ ಇಲ್ಲಿಗೆ ಕೇಳುತ್ತದೆ. ಆಮೇಲೆ ಕೈ.

ಕೈ ಎಂದೆನೋ ಇಲ್ಲವೋ, ಚಾಚಿ ತಡೆದಳು. ನನ್ನೊಡನೆ ಮಾತಾಡಲು ಅವಳಿಗೆ ಯಾವ ರಿವಾಜಿನ ಅಡ್ಡಿಯೂ ಇರಲಿಲ್ಲ.

"ಮಾಸ್ತರಪ್ಪಾ, ಕೈ ಬ್ಯಾಡ. ಕೈ ಬದಲಾದ್ರ ಆಕಿ ಆಕಿ ಅಲ್ಲ. ಕಣ್ಣು ಮುಚ್ಚಿ ಈ ಊರಿನ ಹೆಂಗಸರ ಕೈ ಹಿಡದು ಹೆಸರು ಹೇಳ್ತೀನಿ ನಾನು. ಉಕ್ಕಿನ ಕೈಗೆ ಯಾವ ಅಳತಿ ಬಳಿ ತೊಡಸಲಿ?"

ಸೊಸೆ ಒಪ್ಪಲಿಲ್ಲ. ಕೈ ಬದಲಾದರೆ ಆಗಲಿ, ಸಾರಿನ ರುಚಿ ಅದೇ ಇದ್ದರೆ ಆಕೆ ಅದೇ ಮುದುಕಿ, ಎಂದಳು. ಅತ್ತೆಯ ಕೈರುಚಿಯ ಬಗ್ಗೆ ಏನೋ ಹಳೆಯ ಲೆಕ್ಕವಿದ್ದಂತೆ, ರುಚಿ ಬದಲಾದರೂ ತನ್ನ ತಕರಾರಿಲ್ಲ ಎಂದೂ ಸೇರಿಸಿದಳು. ಒಳಗಿನಿಂದ ಅತ್ತೆಯವರ ಸೂಜಿ ಬಟ್ಟೆಯಲ್ಲಿ ಸ್ವಲ್ಪ ಜೋರಾಗಿ ಚುಚ್ಚಿದ ಸದ್ದು ಬಂತು. ಚಾಚಿಗೆ ಮನುಷ್ಯ ಮಣಿಕಟ್ಟಿನಲ್ಲಿದ್ದ, ಸೊಸೆಗೆ ನಾಲಗೆಯ ಮೇಲಿದ್ದ. ನಾನಾಗಿದ್ದರೆ ತಲೆಯಲ್ಲಿ ಎನ್ನುತ್ತಿದ್ದೆ, ನನಗೆ ನೋಯುವುದು ಅಲ್ಲೇ ತಾನೆ. ಜಗಳ ಬಲಿಯುವ ಮುಂಚೆ ನಾನು ಕಥೆಯನ್ನು ಮುಂದಕ್ಕೆ ದೂಡಿ ಕಣ್ಣಿಗೆ ಬಂದೆ.

ಮುದುಕಿಯ ಕಣ್ಣು ಮಂಜಾಯಿತು. ಕಾರಖಾನೆಯವರು ಹಳೆಯ ಎರಡು ಕಣ್ಣು ತೆಗೆದು ಗಾಜಿನ ಎರಡು ಕಣ್ಣು ಕೂಡಿಸಿದರು. ಮನೆಗೆ ಬಂದು ನೋಡಿದರೆ ಎಲ್ಲ ಸ್ವಚ್ಛ. ಅವಳು ನೋಡಿದ್ದ ಹಳೆಯದೆಲ್ಲ ಹಾಗೇ ನೆನಪಿದೆ, ಎಂದು ಅವಸರದಲ್ಲಿ ಮುಗಿಸಿದೆ. ಕಂಬಕ್ಕೆ ಸಮಾಧಾನವಾದ ಹಾಗೆ ಕಂಡಿತು.

ನಡುಮನೆಯಲ್ಲಿ ಸೂಜಿ ನಿಂತಿತು. ಅತ್ತೆಯವರು ಮಗಳಿಗೆ ಹೇಳಿದರು: "ಅಳಿಯಾರಿಗೆ ಕೇಳವ್ವ. ಹಳೇ ಕಣ್ಣು ತೆಗದಾರ, ಹೊಸಾವು ಇನ್ನಾ ಹಾಕಿಲ್ಲ. ನಡುವ ಆಕಿ ಗುಳಿಗಣ್ಣೀಲೆ ಕುಂತಾಳ. ಆವಾಗ ಆಕಿ ಗಂಡನ ಮುಖ ಆಕೀಗೆ ಎಲ್ಲಿ ಕಾಣತೈತಿ?"

ಹೆಂಡತಿ ನನ್ನ ಕಡೆ ತಿರುಗಿ, ಅಷ್ಟನ್ನೂ ಒಂದಕ್ಷರ ಬಿಡದೆ ಒಪ್ಪಿಸಿದಳು. ಮುದುಕಿಗೆ ಗಂಡನಿದ್ದ ಎಂದು ನಾನು ಕಥೆಯಲ್ಲಿ ಹೇಳಿಯೇ ಇರಲಿಲ್ಲ.

ಆ ನಡುಗಾಲದ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಜಗತ್ತಿನ ಎಲ್ಲ ಗಂಡಾಂತರಗಳನ್ನೂ ಮುಂಚಿತವಾಗಿ ಯೋಚಿಸುವ ನಾನು, ನನ್ನದೇ ಕಥೆಯ ಮುದುಕಿಯನ್ನು ಕಣ್ಣಿಲ್ಲದೆ ಬೆಂಚಿನ ಮೇಲೆ ಕೂಡಿಸಿ ಮರೆತುಬಿಟ್ಟಿದ್ದೆ. ಅವಳಿಗೆ ಏನು ಕಾಣುತ್ತಿದ್ದಿರಬಹುದು ಎಂದು ಕಂಬ ನೋಡುತ್ತ ಕೂತೆ.

ಚಾಚಿ ಸುಮ್ಮನಿರುವಾಕೆಯಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನೋಡು, ನಿಮ್ಮವರು ಕಾಣುತ್ತಾರೋ ಇಲ್ಲವೋ ಎಂದು ಅತ್ತೆಯವರಿಗೆ ಹೇಳಿದಳು. ಮುಚ್ಚಿದರೆ ಕಣ್ಣೇನು ಮನೆ ಬಿಟ್ಟು ಹೋಗುತ್ತದೆಯೇ, ಒಳಗೇ ಇರುತ್ತದಲ್ಲ, ಎಂದು ಅತ್ತೆಯವರು ಅದನ್ನು ತಳ್ಳಿಹಾಕಿದರು. ಸರಿಯಾದ ಮಾತು. ನಮ್ಮ ಹೆಡ್‌ಮಾಸ್ತರರಾಗಿದ್ದರೆ ಮುಚ್ಚಿ ನೋಡಿ ಒಪ್ಪಿಬಿಡುತ್ತಿದ್ದರು. ಹಾಗಾದರೆ ಕಾಣುವುದಾದರೂ ಯಾವಾಗ, ಎಂದು ಚಾಚಿ ಬಿಡದೆ ಕೇಳಿದಳು. ಮಲಗಿದಾಗ, ಎಂದರು ಅತ್ತೆಯವರು. ಬಂದು ಏನು ಮಾಡುತ್ತಾರೆ? ಏನು ಮಾಡುತ್ತಾರೆ, ಬೈಯುತ್ತಾರೆ. ಎತ್ತಿಗೆ ನೀರು ಕುಡಿಸಿದ್ದೀಯೋ ಇಲ್ಲವೋ ಎನ್ನುತ್ತಾರೆ.

ಸೊಸೆ ದಾರ ಕಚ್ಚಿದ ಸದ್ದು ಕೇಳಿತು. ಆಮೇಲೆ ಅತ್ತೆಯವರು ನಿಧಾನವಾಗಿ, ತಮಗೇ ಹೇಳಿಕೊಂಡ ಹಾಗೆ ಅಂದರು: "ಬೈತಾರಂದ್ರ ದನಿ ಐತಿ. ಕಣ್ಣಾಗ ದನಿ ಹೆಂಗ ಇರತೈತಿ? ಮುಖ ಒಂದು ಮನ್ಯಾಗ, ದನಿ ಒಂದು ಮನ್ಯಾಗ ಇಡೋ ಪೈಕಿ ಅಲ್ಲವ್ವ ಅವರು. ಎರಡು ಕಡೆ ಸಂಸಾರ ಅವರಿಗೆ ಆಗತಿದ್ದಿಲ್ಲ."

ಚಾಚಿ ಮೊದಲು ನಕ್ಕಳು, ಆಮೇಲೆ ಸೊಸೆ, ಕಡೆಗೆ ಅತ್ತೆಯವರೂ. ನಾನು ಕಂಬಕ್ಕೆ ಮುಖ ಮಾಡಿಯೇ ನಕ್ಕೆ. ನನ್ನ ಕಾರಖಾನೆ, ಉಕ್ಕು, ತಂತಿ, ಗಾಜು ಎಲ್ಲ ಸೇರಿ ಮಾಡಿದ್ದು ಇಷ್ಟೆ: ಕೇಳಲಾಗದಿದ್ದ ಪ್ರಶ್ನೆಯೊಂದನ್ನು ಅವರ ಬಾಯಿಗೆ ತಂದದ್ದು. ಉತ್ತರದಲ್ಲಿ ನನ್ನದೇನೂ ಇರಲಿಲ್ಲ. ಆ ಉತ್ತರ ಸರಿಯೇ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆಗಾಗ ಅದರ ಬಗ್ಗೆಯೂ ಚಿಂತಿಸುತ್ತೇನೆ.

ಆದರೂ ಅವರು ಕೂಡಲೇ ಹೂಂ ಎನ್ನಲಿಲ್ಲ. ಕೌದಿ ಮುಗಿಯುತ್ತ ಬಂದಿತ್ತು. ಮುಗಿಸುವ ಮುಂಚೆ ಒಂದು ಮೂಲೆಯನ್ನು ಹೊಲಿಯದೆ ಬಿಟ್ಟು, ಅದರೊಳಗೆ ಒಂದು ಚೂರು ಜೋಳದ ರೊಟ್ಟಿ ಇಟ್ಟು, ಆಮೇಲೆ ಮುಚ್ಚುವುದು ಅವರ ಪದ್ಧತಿ. ಕೌದಿಯ ಹೊಟ್ಟೆ ಹಸಿದಿರಬಾರದು, ಹಸಿದ ಕೌದಿ ಹೊದ್ದರೆ ಬೆಚ್ಚಗಾಗುವುದಿಲ್ಲವಂತೆ. ಅತ್ತೆಯವರು ರೊಟ್ಟಿ ಚೂರು ಇಡುತ್ತ, ಆ ಕಾರಖಾನೆಯವರು ಮುದುಕಿಯನ್ನು ಕಳಿಸುವಾಗ ಅವಳ ಬಾಯಿಗೆ ಏನಾದರೂ ಹಾಕಿದರೋ ಎಂದು ಕೇಳಿಸಿದರು. ಇಲ್ಲ ಎಂದು ಒಪ್ಪಿಕೊಂಡೆ. ಹೊಟ್ಟೆ ತುಂಬಿಸದೆ ಕಳಿಸಿದರೆ ಅದು ಮುದುಕಿ ಹೇಗಾದೀತು, ಬರೀ ಪದರ, ಎಂದರು. ಕೊನೆಗೆ, ತಾವು ದವಾಖಾನೆಗೆ ಬರುವುದಾಗಿ ಹೇಳಿಸಿದರು. ಆದರೆ ಕಣ್ಣು ಕೊಯ್ದ ಮೇಲೆ ಮೊದಲು ಬಾಯಿಗೆ ಬೀಳಬೇಕಾದದ್ದು ಮನೆಯ ರೊಟ್ಟಿ. ಇದು ಕರಾರು. ನಾನು ಕಂಬದ ಸಾಕ್ಷಿಯಾಗಿ ಒಪ್ಪಿದೆ.

ಬಂಡಿ ಹೊರಟಿತು. ಎತ್ತು ಬಾದನಹಟ್ಟಿಯಲ್ಲಿ ತಲೆಯೆತ್ತಿ ನೋಡಿತು, ನಿಲ್ಲಲಿಲ್ಲ. ನಾನು ಮಾತ್ರ ಅಚ್ಚು ನೋಡುತ್ತ ಬಂಡಿಯ ಹಿಂದೆ ಮೈಲಿಗಟ್ಟಲೆ ನಡೆದೆ. ಡಾಕ್ಟರು ಸೀನಲಿಲ್ಲ. ಕಣ್ಣಿಗೆ ಮದ್ದಿನ ಹನಿ ಬಿಟ್ಟರು, ನೋವಾಗಲಿಲ್ಲವಂತೆ. ಕೆಲಸ ಮುಗಿಯುವ ತನಕ ಅತ್ತೆಯವರು ಡಾಕ್ಟರಿಗೆ ತೆಲುಗಿನಲ್ಲಿ ಎಷ್ಟು ಮಕ್ಕಳು, ತಾಯಿ ಇದ್ದಾರೋ ಎಂದು ವಿಚಾರಿಸುತ್ತಲೇ ಇದ್ದರಂತೆ. ಆಮೇಲೆ ಕಣ್ಣಿಗೆ ಕಟ್ಟು. ತಲೆ ಅಲುಗಿಸಬಾರದು, ಅಗಿಯಬಾರದು, ಗಂಜಿ ಮಾತ್ರ, ಎಂದು ಕಟ್ಟಪ್ಪಣೆಯಾಯಿತು. ನನಗೆ ಕರಾರು ನೆನಪಾಯಿತು. ನನ್ನ ಹೆಂಡತಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಕಿವುಚಿ, ಗಂಜಿಯ ಬಟ್ಟಲಿನಲ್ಲಿಟ್ಟು ಕುಡಿಸಿಬಿಟ್ಟಳು. ಅವಳಿಗೆ ಚಿಂತೆ ಮಾಡಲು ಬರುವುದಿಲ್ಲ, ಅದಕ್ಕೇ ಏನಾದರೂ ಮಾಡಿಬಿಡುತ್ತಾಳೆ.

ಕುಡಿಸಿ ಬಾಯೊರೆಸಿದ ಮೇಲೆ ಅವಳು ಮೆಲ್ಲಗೆ ಕೇಳಿದಳು: "ಅವ್ವಾ, ಅಪ್ಪ ಅದಾನೇನು?"

"ಅದಾರ," ಎಂದರು ಕಟ್ಟಿನೊಳಗಿನಿಂದ ಅತ್ತೆಯವರು. "ಮೀಸಿ ಇನ್ನಾ ಓರೀನ ಐತಿ."

ನಾನು ಬಾಗಿಲ ಆಚೆ ನಿಂತು ಕೇಳಿಸಿಕೊಂಡೆ. ಆ ದಿನ ಚೆನ್ನಾಗಿ ಉಂಡೆ.

ಗಾಯ ಮಾಗಿ, ಚಾಳೀಸು ಹಾಕುವ ದಿನ ಬಂತು. ಡಾಕ್ಟರು ಅದನ್ನು ಜೋಪಾನ ಮಾಡುವ ಬಗೆಯನ್ನು ತಿಳಿಸಬೇಕೆಂದು ನನ್ನನ್ನೂ ಒಳಗೆ ಕರೆಸಿದರು. ರಿವಾಜಿಗೆ ಭಂಗವಾಗದಂತೆ ನಾನು ಒಂದು ಮೂಲೆಯಲ್ಲಿ, ಉಸಿರು ಬಿಗಿಹಿಡಿದು ನಿಂತೆ. ಹೆಂಡತಿ ತಾಯಿಯ ಬಟ್ಟೆಗಂಟು ಬಂಡಿಗೆ ಇಡಲು ಹೋಗಿದ್ದಳು. ಬಾಗಿಲ ಬಳಿ ದವಾಖಾನೆಯ ಹೊಸ ಗುಮಾಸ್ತ, ಇಪ್ಪತ್ತರ ಆಸುಪಾಸಿನ ಹುಡುಗ, ಕರೀ ಮೀಸೆ, ಕೆಂಪು ಅಂಚಿನ ರುಮಾಲು, ಸುಮ್ಮನೆ ನಿಂತಿದ್ದ. ಡಾಕ್ಟರು ಚಾಳೀಸು ಏರಿಸಿದರು. ಅತ್ತೆಯವರು ಗೋಡೆ ನೋಡಿದರು, ಕಿಟಕಿ ನೋಡಿದರು, ತಮ್ಮ ಕೈ ನೋಡಿಕೊಂಡರು. ತುಟಿಯಲ್ಲಿ ನಗು ಬಂತು. ಆಮೇಲೆ ಬಾಗಿಲ ಕಡೆ ತಿರುಗಿದರು, ಗುಮಾಸ್ತನನ್ನು ಕಂಡರು, ಥಟ್ಟನೆ ಸೆರಗು ಮುಖಕ್ಕೆಳೆದು ಎದ್ದು ನಿಂತರು. ಅವರ ಪಾಲಿಗೆ, ಅಂತರಪಟ ಸರಿದಾಗ ಕಂಡ ಅಳಿಯ ಅಲ್ಲಿದ್ದ. ಅವನು ಗಾಬರಿಯಾಗಿ ಹೊರಗೆ ಹೋದ. ಅಳಿಯಾರು ಮರ್ಯಾದೆ ತಿಳಿದವರು ಎಂಬಂತೆ ಅವರು ತಲೆಯಾಡಿಸಿ ಮತ್ತೆ ಕೂತರು, ಸೆರಗು ಸರಿಸಿದರು, ಮೂಲೆಯಲ್ಲಿ ನಿಂತ ನನ್ನನ್ನು ನೋಡಿದರು. ಬೋಳುತಲೆ, ಬಿಳೀಗಡ್ಡ, ಬಾಗಿದ ಬೆನ್ನು.

"ಯಜ್ಜಾ," ಎಂದರು, "ಒಂದು ಚೊಂಬು ನೀರು ತಾ."

ನನ್ನೊಡನೆ ಅವರು ನೇರವಾಗಿ ಆಡಿದ ಮೊದಲ ಮಾತು ಅದು. ಬಾಯಿ ಬಿಟ್ಟರೆ ದನಿ ಗುರುತಾಗಿ ಅವರಿಗೆ ನಾಚಿಕೆಯಾದೀತು. ಡಾಕ್ಟರು ನನ್ನ ಮುಖ ನೋಡಿದರು. ನಾನು ತಲೆಯಲ್ಲಾಡಿಸಿ ಹೋಗಿ, ಹೊರಗಿನ ಗಡಿಗೆಯಿಂದ ನೀರು ತಂದು, ಸೇವಕನ ಹಾಗೆ ಎರಡೂ ಕೈಯಿಂದ ಕೊಟ್ಟೆ. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಚೊಂಬಿನ ತಳದಲ್ಲಿ ಏನಿದೆಯೆಂದು ಹೊಸ ಕಣ್ಣಿನಿಂದ ನೋಡಲು ಅವರು ಮುಂದಕ್ಕೆ ಬಾಗಿದರು. ನನ್ನ ನಾಲಗೆ ನನ್ನ ಮಾತು ಕೇಳಲಿಲ್ಲ.

"ಬಗ್ಗಬ್ಯಾಡ್ರಿ, ಬಗ್ಗಬ್ಯಾಡ್ರಿ, ಚಾಳೀಸು ಬಿದ್ದೀತು, ನೀರು ತಣ್ಣಗದಾವ, ನೆಗಡಿ ಆದ್ರ ಸೀನು ಬಂದು ಕಣ್ಣಿಗೆ..."

ಚೊಂಬು ಕೈಜಾರಿ ನೆಲಕ್ಕೆ ಬಿತ್ತು. ಸೆರಗು ಚಾಳೀಸಿನ ಮೇಲೆ, ಅದರ ಮೇಲೆ ಎರಡೂ ಕೈ. ಅಷ್ಟರಲ್ಲಿ ಒಳಗೆ ಬಂದ ನನ್ನ ಹೆಂಡತಿಗೆ ಸೆರಗಿನೊಳಗಿನಿಂದ ಅತ್ತೆಯವರು ಅಂದರು: "ಅಳಿಯಾರಿಗೆ ಹೇಳವ್ವ. ಅವರು ಇಷ್ಟು ಮುದುಕ ಆಗ್ಯಾರಂತ ನನಗ ಯಾರೂ ಹೇಳಲಿಲ್ಲ."

ಹೆಂಡತಿ ನನ್ನ ಕಡೆ ತಿರುಗಿ, ಪದ್ಧತಿಯ ಪ್ರಕಾರ, ಅಷ್ಟನ್ನೂ ಒಂದಕ್ಷರ ಬಿಡದೆ ಒಪ್ಪಿಸಿದಳು.